ಮಗುವಿಗೆ ಕ್ರೋಶೆ ಬೊಂಬೆ: ಕಣ್ಣು, ಹತ್ತಿ ಮತ್ತು ಆಟಿಯ ತೇವ

ಪ್ರಶ್ನೆ: ನನ್ನ ತಂಗಿಯ ಮಗಳಿಗೆ ನಾಲ್ಕು ತಿಂಗಳ ಹೆಣ್ಣುಮಗುವಿದೆ. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಅನ್ನಪ್ರಾಶನ. ಆ ದಿನಕ್ಕೆ ಕೈಯಾರೆ ಹೆಣೆದ ಆಕ್ಟೋಪಸ್ ಬೊಂಬೆಯೊಂದನ್ನು ಕೊಡಬೇಕೆಂದಿದ್ದೇನೆ. ಅದರ ಕಾಲುಗಳನ್ನು ಮಗು ಹೊಕ್ಕುಳಬಳ್ಳಿಯೆಂದು ತಿಳಿದು ಹಿಡಿದುಕೊಂಡು ಚೆನ್ನಾಗಿ ನಿದ್ರಿಸುತ್ತದೆಂದು ಒಂದು ವಿಡಿಯೋದಲ್ಲಿ ನೋಡಿದೆ. ಅಭ್ಯಾಸಕ್ಕೆಂದು ಅಂಗಡಿಯ ಉಲ್ಲನ್ನಿನಲ್ಲಿ ಒಂದನ್ನು ಹೆಣೆದೆ. ತುಂಬಿದ ಮೇಲೆ ಒಳಗಿನ ಬಿಳಿ ಫೈಬರ್ ತೂತುಗಳಲ್ಲಿ ಕಾಣುತ್ತಿದೆ. ಉಲ್ಲನ್ ಎಂದರೆ ಪ್ಲಾಸ್ಟಿಕ್, ಬಾಯಿಗೆ ಹೋದರೆ ವಿಷ ಎಂದು ನನ್ನ ಮಗಳು ಹೆದರಿಸುತ್ತಾಳೆ. ಅತ್ತೆಯವರು ಹಿತ್ತಿಲಿನ ಬೂರುಗದ ಹತ್ತಿಯನ್ನೇ ತುಂಬಿಸು ಎನ್ನುತ್ತಾರೆ. ಕಣ್ಣಿಗೆಂದು ‘ಸೇಫ್ಟಿ ಐ’ ಎಂಬ ಪ್ಲಾಸ್ಟಿಕ್ ಕಣ್ಣುಗಳನ್ನು ತರಿಸಿಟ್ಟಿದ್ದೇನೆ. ಕಳೆದ ಮಳೆಗಾಲದಲ್ಲಿ ಬೇರೊಂದು ಮಗುವಿಗೆ ಮಾಡಿಕೊಟ್ಟಿದ್ದ ಮೊಲ ಒಮ್ಮೆ ಒಗೆದ ಮೇಲೆ ಮುಗ್ಗಲು ವಾಸನೆ ಬಂದು ಬಿಸಾಡಬೇಕಾಯಿತು. ಈ ಸಲ ಹಾಗಾಗದಂತೆ ಏನು ಮಾಡಬೇಕು? ನೆರೆಕರೆಯವರೂ ಕೇಳುತ್ತಿದ್ದಾರೆ, ಮಾಡಿ ಮಾರಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನೀವು ಆರೇಳು ಸಂಗತಿಗಳನ್ನು ಕೇಳಿದ್ದೀರಿ, ಆದರೆ ಅವುಗಳ ಹಿಂದಿರುವ ಅಂಜಿಕೆ ಒಂದೇ: ಪ್ರೀತಿಯಿಂದ ಮಾಡಿಕೊಟ್ಟ ವಸ್ತುವಿನಿಂದ ಮಗುವಿಗೆ ತೊಂದರೆಯಾಗಬಾರದು. ಹೀಗಾಗಿ ನೂಲನ್ನು ಆರಿಸುವ ಮೊದಲು ಮಗುವಿನ ವಯಸ್ಸನ್ನು ನೋಡೋಣ. ಅನ್ನಪ್ರಾಶನದ ಹೊತ್ತಿಗೆ ಆ ಮಗುವಿಗೆ ಆರು ತಿಂಗಳು ತುಂಬಿರುತ್ತದೆ. ಆ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತದೆ, ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತದೆ, ಬಾಯಿಗೆ ಒಯ್ದು ಚೀಪುತ್ತದೆ. ಹಲ್ಲು ಬರುವ ಕಾಲವಾದ್ದರಿಂದ ವಸಡಿನಿಂದ ಕಚ್ಚಿ ಎಳೆಯುತ್ತದೆ. ನೀವು ಹೆಣೆಯುವ ಬೊಂಬೆ ದಿನದ ಬಹುಪಾಲು ಜೊಲ್ಲಿನಲ್ಲಿ ನೆನೆದಿರುತ್ತದೆಂದು ಈಗಲೇ ಒಪ್ಪಿಕೊಂಡರೆ ಉಳಿದ ತೀರ್ಮಾನಗಳು ಸುಲಭವಾಗುತ್ತವೆ.

ಆಕ್ಟೋಪಸ್ಸಿನ ಕಥೆಗೆ ಒಂದು ನಿಜವಾದ ಮೂಲವಿದೆ. 2013ರಲ್ಲಿ ಡೆನ್ಮಾರ್ಕಿನಲ್ಲಿ ಸ್ವಯಂಸೇವಕರು ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗಾಗಿ ಇಂತಹ ಬೊಂಬೆಗಳನ್ನು ಹೆಣೆದು ಆಸ್ಪತ್ರೆಗಳಿಗೆ ಕೊಡಲು ಆರಂಭಿಸಿದರು, ಅಲ್ಲಿಂದ ಅದು ಅನೇಕ ದೇಶಗಳಿಗೆ ಹರಡಿತು. ಶಿಶುವಿನ ಕೈ ಬೊಂಬೆಯ ಕಾಲನ್ನು ಹಿಡಿದುಕೊಂಡಿದ್ದರೆ ಮೂಗಿನ ನಳಿಗೆ, ತಂತಿಗಳನ್ನು ಎಳೆಯುವುದು ಕಡಿಮೆಯಾಗುತ್ತದೆ ಎಂಬುದು ಅಲ್ಲಿನವರ ಅನುಭವದ ಮಾತು. ಹೊಕ್ಕುಳಬಳ್ಳಿಯೆಂದು ಭಾವಿಸುತ್ತದೆ ಎನ್ನುವುದು ಮಾತ್ರ ಕೇಳಲು ಚೆಂದವಾದ ಊಹೆ. ಅದಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಎಳೆಯ ಶಿಶುವಿನ ಅಂಗೈಗೆ ಬೆರಳನ್ನಿಟ್ಟರೂ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಹಿಡಿತ ಅನೈಚ್ಛಿಕ, ನಾಲ್ಕರಿಂದ ಆರು ತಿಂಗಳಾಗುವಷ್ಟರಲ್ಲಿ ಅದು ಕಡಿಮೆಯಾಗುತ್ತದೆ. ಮುಖ್ಯವಾದ ವ್ಯತ್ಯಾಸವೆಂದರೆ, ಆ ಆಸ್ಪತ್ರೆಗಳಲ್ಲಿ ಶಿಶುವಿನ ಉಸಿರಾಟ, ಎದೆಬಡಿತಗಳನ್ನು ಯಂತ್ರಗಳೂ ದಾದಿಯರೂ ಹಗಲಿರುಳು ನೋಡಿಕೊಳ್ಳುತ್ತಿರುತ್ತಾರೆ. ಮನೆಯ ತೊಟ್ಟಿಲಿನಲ್ಲಿ ಆ ವ್ಯವಸ್ಥೆಯಿಲ್ಲ.

ಆದ್ದರಿಂದ ನಿದ್ರೆಯ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಬಳಿ ಯಾವ ಮೆತ್ತನೆಯ ಬೊಂಬೆಯೂ ಇರಬಾರದು. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಂಸ್ಥೆಯ ಸಲಹೆಯೂ ಇದೇ. ಮುಖಕ್ಕೆ ಒತ್ತಿಕೊಂಡ ಮೆತ್ತನೆಯ ವಸ್ತುವನ್ನು ಎಳೆಯ ಮಗು ತಾನಾಗಿ ಸರಿಸಿಕೊಳ್ಳಲಾರದು ಎಂಬುದು ಕಾರಣ. ನಮ್ಮಲ್ಲಿನ ಬಟ್ಟೆ ತೊಟ್ಟಿಲಿನ ತಳ ಬಾಗಿರುವುದರಿಂದ ಒಳಗಿಟ್ಟ ಬೊಂಬೆ ಉರುಳಿ ಮಗುವಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ, ಅಪಾಯ ಇನ್ನೂ ಹೆಚ್ಚು. ತೊಟ್ಟಿಲಿನ ಮೇಲೆ ದಾರದಲ್ಲಿ ತೂಗುಹಾಕುವುದೂ ಬೇಡ: ಮಗು ಅಂಗೈಯೂರಿ ಎದೆಯೆತ್ತಲು ಕಲಿತ ಮೇಲೆ ಕೈಗೆಟಕುವ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಬೊಂಬೆ ಎಚ್ಚರವಾಗಿರುವ ಹೊತ್ತಿನದು, ಚಾಪೆಯ ಮೇಲಿನದು, ದೊಡ್ಡವರ ಕಣ್ಣೆದುರಿನದು. ಕೊಡುವಾಗ ತಾಯಿಗೆ ಇದನ್ನು ಬಾಯಿಬಿಟ್ಟು ಹೇಳಿ. ನಿದ್ರೆ ಬರಿಸುವ ಬೊಂಬೆಯೆಂಬ ಹೆಸರಿನಲ್ಲಿ ಕೊಟ್ಟರೆ ಅವರು ಅದನ್ನು ತೊಟ್ಟಿಲಿಗೇ ಹಾಕುತ್ತಾರೆ.

ಈಗ ನೂಲಿನ ವಿಚಾರ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವ ಉಂಡೆಗಳಲ್ಲಿ ಹೆಚ್ಚಿನವು ಕುರಿಯ ಉಣ್ಣೆಯನ್ನೇ ಕಾಣದ ಅಕ್ರಿಲಿಕ್. ಚೀಟಿಯನ್ನು ಓದಿದರೆ ತಿಳಿಯುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಮಗಳ ಮಾತು ಸರಿ, ಅದು ಕೃತಕ ನಾರು. ವಿಷ ಎಂಬುದು ಮಾತ್ರ ಸರಿಯಲ್ಲ. ಒಳ್ಳೆಯ ಅಕ್ರಿಲಿಕ್ ನೂಲಿನ ಸ್ವೆಟರು, ಟೊಪ್ಪಿಗಳನ್ನು ಮಕ್ಕಳು ಬಹುಕಾಲದಿಂದ ತೊಡುತ್ತಲೇ ಇದ್ದಾರೆ. ಅದರ ದೋಷ ಬೇರೆ: ಉಜ್ಜಿದಲ್ಲೆಲ್ಲ ಜುಂಗು ಏಳುತ್ತದೆ, ಚೀಪುವ ಮಗುವಿನ ನಾಲಿಗೆಗೆ ಆ ಜುಂಗು ಅಂಟಿಕೊಂಡು ಕಿರಿಕಿರಿಯಾಗುತ್ತದೆ. ಬಿಸಿಗೆ ಅದು ಮೆತ್ತಗಾಗಿ ಆಕಾರಗೆಡುವುದರಿಂದ ಕುದಿನೀರಿನಲ್ಲಿ ಒಗೆಯುವಂತೆಯೂ ಇಲ್ಲ. ಹತ್ತಿ ನೂಲು ಬಿಸಿನೀರನ್ನು ತಾಳುತ್ತದೆ, ಒದ್ದೆಯಾದಾಗ ಅದರ ಬಲ ಕುಗ್ಗುವುದಿಲ್ಲ. ಮರ್ಸರೈಸ್ಡ್ ಎಂದು ಬರೆದಿರುವ ಹೊಳಪಿನ ಹತ್ತಿ ನೂಲಿನಲ್ಲಿ ಜುಂಗೂ ಕಡಿಮೆ. ಮಿಲ್ಕ್ ಕಾಟನ್ ಎಂದು ಮಾರುವ ನೂಲಿನಲ್ಲಿ ಸಾಮಾನ್ಯವಾಗಿ ಹತ್ತಿಯೊಂದಿಗೆ ಅಕ್ರಿಲಿಕ್ ಬೆರೆತಿರುತ್ತದೆ. ಕೈಗೆ ಹಿತವಾಗಿದ್ದರೂ ಎಳೆಗಳು ಬಿಡಿಸಿಕೊಳ್ಳುವುದು ಜಾಸ್ತಿ. ತುಪ್ಪುಳದಂತಹ ಮೆತ್ತನೆಯ ಅಲಂಕಾರಿಕ ನೂಲುಗಳು ಈ ವಯಸ್ಸಿಗೆ ಬೇಡವೇ ಬೇಡ. ನಾನಾದರೆ ಬಾಯಿಗೆ ಹೋಗುವ ಬೊಂಬೆಗೆ ಅಪ್ಪಟ ಹತ್ತಿಯನ್ನೇ ಹಿಡಿಯುತ್ತೇನೆ, ಆದರೆ ಒಣಗಲು ಅದು ತೆಗೆದುಕೊಳ್ಳುವ ಸಮಯ ಒಂದು ನಿಜವಾದ ತೊಡಕು. ಅದಕ್ಕೆ ಮುಂದೆ ಬರುತ್ತೇನೆ.

ಬಣ್ಣ ಬಿಡುವುದನ್ನು ಹೆಣೆಯುವ ಮೊದಲೇ ಪರೀಕ್ಷಿಸಿಕೊಳ್ಳಿ. ನೂಲಿನ ಒಂದು ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯ ಮಡಿಕೆಯೊಳಗಿಟ್ಟು ಒತ್ತಿ ಉಜ್ಜಿದರೆ ಸಾಕು. ಕೆಂಪು ಮತ್ತು ಕಡುನೀಲಿ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಉಪ್ಪಿನಲ್ಲೋ ವಿನೆಗರಿನಲ್ಲೋ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಹತ್ತಿಯ ಮಟ್ಟಿಗೆ ಹುರುಳಿಲ್ಲದ್ದು. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸವಿದೆ, ಹಾಕಿಯಾದ ಮೇಲೆ ಇಲ್ಲ. ಬಣ್ಣ ಬಿಟ್ಟ ನೂಲನ್ನು ಬೇರೆ ಕೆಲಸಕ್ಕೆ ಬಳಸಿ.

ತೂತುಗಳಲ್ಲಿ ಫೈಬರ್ ಕಾಣುತ್ತದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದು. ನೋಟಕ್ಕೆ ಅದು ಸಣ್ಣ ದೋಷ, ಚೀಪುವ ಮಗುವಿಗೆ ಅದೇ ದೊಡ್ಡದು. ಒಂದು, ಒದ್ದೆಯಾದ ತೂತಿನಿಂದ ಫೈಬರ್ ಎಳೆ ಎಳೆಯಾಗಿ ಹೊರಬರುತ್ತದೆ. ಎರಡು, ಸಡಿಲ ಕುಣಿಕೆಗೋ ಬಿಡಿ ದಾರಕ್ಕೋ ಪುಟ್ಟ ಬೆರಳು ಸಿಲುಕಿ ಬಿಗಿದರೆ ರಕ್ತ ಹರಿಯುವುದು ನಿಂತು ಬೆರಳು ಊದಿಕೊಳ್ಳುತ್ತದೆ. ಮಗು ಯಾಕೆ ಅಳುತ್ತಿದೆ ಎಂಬುದು ಮನೆಯವರಿಗೆ ತಕ್ಷಣ ತಿಳಿಯುವುದೂ ಇಲ್ಲ. ಬಲೆಯಂತಹ, ಜಾಲರಿಯಂತಹ ಹೆಣಿಗೆಯನ್ನು ಎಳೆಮಕ್ಕಳ ಬೊಂಬೆಗೆ ಬಳಸಬಾರದೆನ್ನುವುದು ಇದಕ್ಕಾಗಿಯೇ.

ತೂತು ಬೀಳಲು ಕಾರಣ ಬಹುಮಟ್ಟಿಗೆ ಕ್ರೋಶೆ ಕಡ್ಡಿಯ ಅಳತೆ. ನೂಲಿನ ಚೀಟಿಯಲ್ಲಿ ಸೂಚಿಸಿರುವ 4 ಮಿಮೀ ಕಡ್ಡಿ ಉಡುಪಿನ ಲೆಕ್ಕದ್ದು, ಬಟ್ಟೆ ಬಳುಕಲಿ ಎಂದು ಕೊಟ್ಟದ್ದು. ಬೊಂಬೆಗೆ ಅದೇ ನೂಲನ್ನು 2.5 ಅಥವಾ 3 ಮಿಮೀ ಕಡ್ಡಿಯಲ್ಲಿ ಹೆಣೆಯಬೇಕು. ಬೆರಳು ಸ್ವಲ್ಪ ನೋಯುತ್ತದೆ, ಅಷ್ಟಾದರೆ ಬಿಗಿ ಸರಿಯಿದೆ ಎಂದು ತಿಳಿಯಿರಿ. ಎರಡನೆಯ ಕಾರಣ ವಿನ್ಯಾಸದ ಸೂಚನೆ ಎಲ್ಲಿಯದು ಎಂಬುದು: ಬ್ರಿಟಿಷ್ ಸೂಚನೆಯಲ್ಲಿ ಡಬಲ್ ಕ್ರೋಶೆ ಎಂದಿದ್ದರೆ ಅಮೆರಿಕದವರ ಸಿಂಗಲ್ ಕ್ರೋಶೆಯನ್ನು ಹಾಕಬೇಕು, ವಿಡಿಯೋಗಳಲ್ಲಿ ತೋರಿಸುವ ಅಮೆರಿಕನ್ ಡಬಲ್ ಹಾಕಿದರೆ ಉದ್ದುದ್ದ ಕಂಬಗಳ ನಡುವೆ ಕಿಂಡಿಗಳು ಉಳಿಯುತ್ತವೆ. ಮೂರನೆಯದು, ಕುಣಿಕೆಯೊಳಗೆ ಕಡ್ಡಿಯನ್ನು ತೂರಿಸಿದ ಮೇಲೆ ನೂಲನ್ನು ಎಳೆದುಕೊಳ್ಳುವ ಬಗೆ. ನೂಲನ್ನು ಕಡ್ಡಿಯ ಮೇಲಿನಿಂದ ಸುತ್ತಿ ಎಳೆದರೆ ಕುಣಿಕೆ ‘ವಿ’ ಆಕಾರದಲ್ಲಿ ತುಸು ಸಡಿಲವಾಗಿ ಕೂರುತ್ತದೆ. ಕಡ್ಡಿಯ ಮೂತಿಯಿಂದ ನೂಲನ್ನು ಕೆಳಕ್ಕೆ ಒತ್ತಿ ಹಿಡಿದು ಎಳೆದರೆ ಅದೇ ಕುಣಿಕೆ ಪುಟ್ಟ ಗುಣಾಕಾರ ಚಿಹ್ನೆಯಂತೆ ಅಡ್ಡಹಾಯ್ದು ಬಿಗಿಯುತ್ತದೆ. ಒಂದೇ ಬೊಂಬೆಯಲ್ಲಿ ಎರಡನ್ನೂ ಬೆರೆಸದೆ, ಈ ಎರಡನೆಯ ಬಗೆಯಲ್ಲಿ ಒಂದು ಸಣ್ಣ ವೃತ್ತವನ್ನು ಹೆಣೆದು ನೋಡಿ. ಆರು ಕುಣಿಕೆಗಳ ಮ್ಯಾಜಿಕ್ ರಿಂಗ್ (ನೂಲಿನ ಬಾಲವನ್ನೆಳೆದು ನಡುವಿನ ಬಾಯಿ ಮುಚ್ಚುವ ಆರಂಭದ ಸುತ್ತು), ಆಮೇಲೆ 12, 18, 24 ಎಂದು ಸುತ್ತಿಗೆ ಆರರಂತೆ ಏರಿಸುತ್ತಾ 36ರವರೆಗೆ ಹೋದರೆ ಸಾಕಾಗುತ್ತದೆ. ಆ ವೃತ್ತವನ್ನು ಎರಡು ಕೈಗಳಿಂದ ಹಿಗ್ಗಿಸಿ ಹಿಡಿದಾಗ ಬಾಲ್‌ಪೆನ್ನಿನ ರೀಫಿಲ್ ಅಡ್ಡಿಯಿಲ್ಲದೆ ತೂರುತ್ತದೆಯಾದರೆ ಕಡ್ಡಿ ಇನ್ನೂ ದಪ್ಪವಾಯಿತು. ಸುತ್ತು ಇಳಿಸುವಲ್ಲಿಯೂ ತೂತು ಬೀಳುತ್ತದೆ. ಎರಡು ಕುಣಿಕೆಗಳ ಮುಂದಿನ ಎಳೆಗಳನ್ನಷ್ಟೇ ಎತ್ತಿಕೊಂಡು ಸೇರಿಸಿದರೆ ಅದು ಕಾಣದಂತೆ ಮುಚ್ಚುತ್ತದೆ.

ಮ್ಯಾಜಿಕ್ ರಿಂಗಿನ ಬಾಲವನ್ನು ಬರಿದೇ ಎಳೆದು ಕತ್ತರಿಸುವವರಿದ್ದಾರೆ. ಹೊಳಪಿನ ಹತ್ತಿ ನೂಲು ಜಾರುವ ಗುಣದ್ದು, ಹಾಗೆ ಮಾಡಿದರೆ ನಾಲ್ಕಾರು ಒಗೆತಗಳಲ್ಲಿ ನಡುವಿನ ಬಾಯಿ ತೆರೆದುಕೊಳ್ಳುತ್ತದೆ. ಬಾಲವನ್ನು ದಬ್ಬಣಕ್ಕೆ ಪೋಣಿಸಿ, ರಿಂಗಿನ ಸುತ್ತ ಎರಡು ಬಾರಿ ಹೊಲಿದು, ಒಮ್ಮೆ ಎದುರು ದಿಕ್ಕಿಗೂ ತಿರುಗಿಸಿ ಒಳಬದಿಯಲ್ಲಿ ಮುಗಿಸಿ. ಕಾಲುಗಳನ್ನು ಬೇರೆಯಾಗಿ ಹೆಣೆದು ಹೊಲಿಯುವುದಕ್ಕಿಂತ ದೇಹದ ಅಂಚಿನಿಂದಲೇ ಮುಂದುವರಿಸಿ ಹೆಣೆಯುವ ವಿನ್ಯಾಸವನ್ನು ಆರಿಸಿಕೊಳ್ಳಿ, ಏಕೆಂದರೆ ಇಲ್ಲದ ಹೊಲಿಗೆ ಬಿಚ್ಚುವುದಿಲ್ಲ. ಡೆನ್ಮಾರ್ಕಿನವರ ನಿಯಮದಂತೆ ಕಾಲನ್ನು ಎಳೆದು ಹಿಡಿದಾಗ 22 ಸೆಂಟಿಮೀಟರ್ ಮೀರಬಾರದು, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ನನ್ನ ಕೈ ಇನ್ನೂ ಜಿಪುಣ: ಆರು ತಿಂಗಳ ಮಗುವಿಗೆ ಅದರ ಅರ್ಧದಷ್ಟು ಸಾಕು.

‘ಸೇಫ್ಟಿ ಐ’ಗಳನ್ನು ತೆಗೆದಿಟ್ಟುಬಿಡಿ. ಹೆಸರಿನಲ್ಲಿ ಸುರಕ್ಷತೆಯಿದ್ದರೂ ಅದು ಮೂರು ವರ್ಷದೊಳಗಿನ ಮಕ್ಕಳಿಗೆ ಹೇಳಿಸಿದ್ದಲ್ಲ. ಹಲವು ಪೊಟ್ಟಣಗಳ ಮೇಲೆಯೇ ಹಾಗೆಂದು ಬರೆದಿರುತ್ತದೆ. ಅದರ ರಚನೆಯನ್ನು ನೋಡಿದರೆ ಕಾರಣ ಹೊಳೆಯುತ್ತದೆ. ಗೀರುಗಳುಳ್ಳ ಕಡ್ಡಿಯ ಮೇಲೆ ಹಿಂಬದಿಯಿಂದ ಒಂದು ಬಿಲ್ಲೆಯನ್ನು ಒತ್ತಿ ಕೂರಿಸುತ್ತಾರೆ. ಕಣ್ಣಿನಿಂದ ಬಿಲ್ಲೆ ಕಳಚದೆ ಇರಬಹುದು, ಆದರೆ ಕ್ರೋಶೆಯ ಬಟ್ಟೆ ನೇಯ್ದ ಬಟ್ಟೆಯಂತಲ್ಲ; ಕಚ್ಚಿ ಎಳೆದಾಗ ಕುಣಿಕೆಗಳು ಅಗಲವಾಗಿ ಬಿಲ್ಲೆಯ ಸಮೇತ ಕಣ್ಣು ಹೊರಬರುತ್ತದೆ. ಭಾರತದ ಐಎಸ್ 9873 ಮಾನಕವೂ ಸೇರಿದಂತೆ ಆಟಿಕೆಗಳ ಪರೀಕ್ಷೆಯಲ್ಲಿ 31.7 ಮಿಮೀ ವ್ಯಾಸದ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೇ ಬಿಡಿ ಭಾಗ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ ಎಂಬುದು ಅದರ ಅರ್ಥ. ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿಮೀ, ನಿಮ್ಮ ಬೊಂಬೆಯ ಕಣ್ಣು ಅದಕ್ಕಿಂತಲೂ ಎಷ್ಟೋ ಚಿಕ್ಕದು. ಯುರೋಪಿನ ಇಎನ್ 71 ಮಾನಕದಲ್ಲಿ 6 ಮಿಮೀಗಿಂತ ದೊಡ್ಡ ಭಾಗಗಳನ್ನು 90 ನ್ಯೂಟನ್ ಬಲದಲ್ಲಿ ಎಳೆದು ನೋಡುತ್ತಾರೆ, ಅಂದರೆ ಒಂಬತ್ತು ಲೀಟರ್ ನೀರಿನ ತೂಕವನ್ನು ಆ ಒಂದು ಕಣ್ಣಿಗೆ ತೂಗುಹಾಕಿದಂತೆ. ಮನೆಯಲ್ಲಿ ಹಾಕಿದ ಕಣ್ಣು ಅದನ್ನು ತಾಳುತ್ತದೆಂದು ನಾನು ಹೇಳಲಾರೆ. ಗುಂಡಿ, ಮಣಿ, ಅಂಟಿಸಿದ ಬಟ್ಟೆಯ ತುಂಡು, ಒಳಗಿಟ್ಟ ಗೆಜ್ಜೆ ಎಲ್ಲಕ್ಕೂ ಇದೇ ಮಾತು.

ಕಣ್ಣನ್ನು ಕಸೂತಿ ಮಾಡಿ. ತಲೆಯನ್ನು ತುಂಬುವ ಮೊದಲೇ, ಒಳಬದಿ ಕೈಗೆ ಸಿಗುವಾಗಲೇ ಆ ಕೆಲಸ ಆಗಬೇಕು. ಬಣ್ಣ ಬಿಡದ ಕಡುಕಂದು ಹತ್ತಿ ನೂಲಿನಲ್ಲಿ ಒಂದು ಸುತ್ತಿನ ಎತ್ತರಕ್ಕೆ ಮೂರು ನಾಲ್ಕು ಅಡ್ಡ ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕಿದರೆ ಮುಚ್ಚಿದ ಕಣ್ಣಿನ ರೆಪ್ಪೆಯಾಗುತ್ತದೆ, ತುಂಬಿದರೆ ಗುಂಡು ಕಣ್ಣಾಗುತ್ತದೆ. ಉದ್ದ ಹೊಲಿಗೆ ಹಾಕಬೇಡಿ, ಬೆರಳು ಅದರಡಿಗೆ ಹೋಗುತ್ತದೆ. ಗಂಟನ್ನೇ ನಂಬಿ ನೂಲನ್ನು ಮೋಟಾಗಿ ಕತ್ತರಿಸದೆ, ಒಂದು ಗೇಣಿನಷ್ಟು ಉಳಿಸಿ, ಒಳಬದಿಯಲ್ಲಿ ಮೂರು ಬೇರೆ ಬೇರೆ ದಿಕ್ಕುಗಳಿಗೆ ಪೋಣಿಸಿ ಮುಗಿಸಿ. ಆಮೇಲೆ ಹೊರಗಿನಿಂದ ಉಗುರಿನಲ್ಲಿ ಕೆರೆದು ನೋಡಿ. ಯಾವ ಎಳೆಯೂ ಎದ್ದು ಬರಬಾರದು.

ಬೂರುಗದ ಹತ್ತಿಯ ಬಗ್ಗೆ ಅತ್ತೆಯವರ ಅಭಿಮಾನಕ್ಕೆ ಕಾರಣವಿದೆ. ನಮ್ಮ ಕಡೆಯ ದಿಂಬುಗಳಿಗೆ ಅದನ್ನೇ ತುಂಬಿಸಿಕೊಂಡು ಬಂದಿದ್ದೇವೆ, ಹಗುರ, ತಂಪು, ಖರ್ಚಿಲ್ಲ. ಆದರೆ ದಿಂಬನ್ನು ಯಾರೂ ಚೀಪುವುದಿಲ್ಲ, ಒಗೆಯುವುದೂ ಇಲ್ಲ, ಬಿಸಿಲಿಗಿಡುತ್ತೇವೆ ಅಷ್ಟೆ. ಅದರ ನಾರು ಗಿಡ್ಡ, ನುಣುಪು. ಒಂದಕ್ಕೊಂದು ಹೆಣೆದುಕೊಳ್ಳದೆ ಸಣ್ಣ ಸಂದಿಯಲ್ಲೂ ಹಾರಿ ಬರುತ್ತದೆ, ಮೂಗಿಗೆ ಹೋದರೆ ಕೆಮ್ಮು. ಒಗೆದರೆ ಗಂಟುಗಟ್ಟಿ ಮತ್ತೆ ಅರಳುವುದಿಲ್ಲ. ನೈಸರ್ಗಿಕವಾದುದೆಲ್ಲ ಮಗುವಿಗೆ ಒಳ್ಳೆಯದು ಎಂಬ ನಂಬಿಕೆಯನ್ನು ಇಲ್ಲಿ ಬದಿಗಿಡಬೇಕಾಗುತ್ತದೆ. ಸಾಸಿವೆ, ಹೆಸರು, ಅಕ್ಕಿ ತುಂಬುವುದು ಇನ್ನೂ ಕೆಟ್ಟದು: ಒದ್ದೆಯಾದರೆ ಮೊಳೆಯುತ್ತದೆ ಇಲ್ಲವೆ ಕೊಳೆಯುತ್ತದೆ, ಒಣಗಿದ್ದರೆ ಹುಳ ಬೀಳುತ್ತದೆ, ಹೊಲಿಗೆ ಬಿಚ್ಚಿದರೆ ಒಂದೊಂದು ಕಾಳೂ ಗಂಟಲಿಗೆ. ಮಗಳ ಪ್ಲಾಸ್ಟಿಕ್ ಭಯವನ್ನು ದಾಟಿ ನಾನು ಹೇಳುವುದು ಹೊಸ ಪಾಲಿಯೆಸ್ಟರ್ ಫೈಬರನ್ನೇ. ಅದು ನೀರನ್ನು ಹೀರಿಕೊಳ್ಳುವುದಿಲ್ಲ, ಒಗೆದ ಮೇಲೂ ಪುಟಿಯುತ್ತದೆ. ಹಳೆಯ ದಿಂಬಿನಿಂದ ಕಿತ್ತದ್ದು ಬೇಡ. ಹಳೆಯ ಮಲ್‌ಪಂಚೆಯ ತುಂಡಿನಲ್ಲಿ ಸಣ್ಣ ಒಳಚೀಲವೊಂದನ್ನು ಹೊಲಿದು, ಫೈಬರನ್ನು ಅದರಲ್ಲಿ ತುಂಬಿ ಬಾಯಿ ಹೊಲಿದು, ಆ ಚೀಲವನ್ನು ತಲೆಯೊಳಗೆ ಇಳಿಸಿದರೆ ಹೊರಗಿನ ಕುಣಿಕೆ ಎಲ್ಲಾದರೂ ಹರಿದರೂ ಒಳಗಿನದು ಮಗುವಿನ ಬಾಯಿಗೆ ಬಾರದು. ತುಸು ಸಡಿಲವಾಗಿಯೇ ತುಂಬಿ. ಗಿಡಿದು ತುಂಬಿದರೆ ಹೆಣಿಗೆ ಹಿಗ್ಗಿ ತೂತು ಕಾಣುವುದಲ್ಲದೆ, ನಡುಭಾಗ ಒಣಗುವುದೂ ಇಲ್ಲ.

ಇನ್ನು ಆ ಮೊಲ. ಒಗೆದ ಸೋಪಿನ ದೋಷವಲ್ಲ ಅದು. ನಿಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬೀಳುತ್ತದೆ. ಸೋಣಕ್ಕೆ ಮುಂಚಿನ ಮಳೆಯ ತಿಂಗಳಾದ ಆಟಿಯಲ್ಲಿ ಅಡುಗೆಮನೆಯ ಉಪ್ಪೂ ನೀರೊಡೆಯುತ್ತದೆ. ಹತ್ತಿ ಮೇಲ್ಮೈ ಒಣಗಿದಂತೆ ಕಂಡರೂ ತುಂಬಿದ ಬೊಂಬೆಯ ನಡುವೆ ದಿನಗಟ್ಟಲೆ ತೇವ ಉಳಿಯುತ್ತದೆ, ಅಲ್ಲಿ ಹಾಲು ಮತ್ತು ಜೊಲ್ಲಿನ ಶೇಷವೂ ಸೇರಿದರೆ ಬೂಸ್ಟಿಗೆ ಬೇಕಾದ್ದೆಲ್ಲ ಒಂದೆಡೆ ಸಿಕ್ಕಿದಂತಾಯಿತು. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗಿಸುವ ರೂಢಿ ಇನ್ನೂ ಇದೆ. ಬೊಂಬೆಯನ್ನು ಅಲ್ಲಿ ಹಾಕಬೇಡಿ, ಹೊಗೆಯ ವಾಸನೆ ಹಿಡಿಯುತ್ತದೆ, ಕೆಳಗೆ ಬಿದ್ದರೆ ಬೆಂಕಿಯೂ ಹಿಡಿಯುತ್ತದೆ.

ನಾನು ಮಾಡುವುದು ಹೀಗೆ. ಬೊಂಬೆ ಮುಗಿದ ಕೂಡಲೇ, ಒಗೆಯುವ ಮೊದಲೇ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಕವನ್ನು ಬರೆದಿಡುತ್ತೇನೆ. ಒಗೆದ ಮೇಲೆ ಹಿಂಡದೆ, ಬೈರಾಸಿನಲ್ಲಿ ಸುತ್ತಿ ಮಂಡಿಯಿಂದ ಒತ್ತಿ ನೀರು ತೆಗೆದು, ಫ್ಯಾನಿನಡಿ ಬಲೆತಟ್ಟೆಯ ಮೇಲಿಟ್ಟು ಆಗಾಗ ಮಗುಚುತ್ತೇನೆ. ಮರುದಿನ ಮತ್ತೆ ತೂಗಿದಾಗ, ಮೊದಲು 60 ಗ್ರಾಂ ಇದ್ದದ್ದು 70 ತೋರಿಸಿದರೆ ಆ ಹೆಚ್ಚಿನ ಹತ್ತು ಗ್ರಾಂ ಒಳಗಿನ ನೀರಲ್ಲದೆ ಬೇರೇನಲ್ಲ, ಮುಟ್ಟಿದಾಗ ಎಷ್ಟೇ ಒಣಗಿದಂತೆ ಅನಿಸಲಿ. ಗಾಳಿಯಲ್ಲಿನ ತೇವವನ್ನು ಹತ್ತಿ ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ಒಂದೆರಡು ಗ್ರಾಂ ಹೆಚ್ಚಿದ್ದರೆ ಚಿಂತೆಯಿಲ್ಲ. ಕಪ್ಪು ಚುಕ್ಕೆ ಕಂಡ ಬೊಂಬೆಯನ್ನು ಬ್ಲೀಚ್ ಹಾಕಿ ಉಳಿಸಿಕೊಳ್ಳಲು ಹೋಗಬಾರದು. ಮೊಲವನ್ನು ನೀವು ಬಿಸಾಡಿದ್ದು ಸರಿಯೇ.

ಹಾಗಾದರೆ ಏನನ್ನು ಹೆಣೆಯಬೇಕು? ಆಕ್ಟೋಪಸ್ಸೇ ಬೇಕೆಂದಿದ್ದರೆ ಮೇಲಿನ ಎಚ್ಚರಗಳೊಂದಿಗೆ, ತಲೆ ಒಂದು ನಿಂಬೆಗಿಂತ ತುಸು ದೊಡ್ಡದಾಗಿ, ಕಾಲುಗಳು ಗಿಡ್ಡವಾಗಿ ಇರಲಿ. ಒಣಗಿಸುವ ಕಷ್ಟ ಮಾತ್ರ ತಾಯಿಯ ಪಾಲಿಗೆ ಉಳಿಯುತ್ತದೆ. ನನ್ನ ಮೆಚ್ಚುಗೆ ಏನನ್ನೂ ತುಂಬದ ಚಪ್ಪಟೆ ಬೊಂಬೆಗೆ: ಅಂಗೈಯಗಲದ, ಎರಡು ಪದರದ ಆನೆಯ ಮುಖ, ಹಿಡಿಯಲು ಎರಡು ದೊಡ್ಡ ಕಿವಿಗಳು, ಚೀಪಲು ಒಂದು ಸೊಂಡಿಲು. ಇದು ಆಟಿಯಲ್ಲೂ ಒಂದೆರಡು ದಿನಗಳಲ್ಲಿ ಒಣಗುತ್ತದೆ, ಬಿಸಿನೀರನ್ನೂ ತಾಳುತ್ತದೆ. ಸೊಬಗು ಸ್ವಲ್ಪ ಕಡಿಮೆಯೆಂದು ನಿಮಗೆ ಅನ್ನಿಸಬಹುದು, ಮಗುವಿನಿಂದ ಆ ದೂರು ಬಾರದು. ಮರದ ಬಳೆಗೆ ಹೆಣಿಗೆ ಸುತ್ತುವ ಆಟಿಕೆಗಳೂ ಇವೆ. ಒದ್ದೆಯಾಗಿ ಒಣಗುತ್ತಾ ಮರ ಸೀಳು ಬಿಟ್ಟರೆ ಸಿಬಿರು ಏಳುತ್ತದೆ, ಆದ್ದರಿಂದ ಮಳೆಗಾಲಕ್ಕೆ ನಾನು ಅದನ್ನು ಹೇಳುವುದಿಲ್ಲ. ಈಗ ಹೆಣೆದಿರುವ ಉಲ್ಲನ್ ಆಕ್ಟೋಪಸ್ಸನ್ನು ಶಾಲೆಗೆ ಹೋಗುವ ಯಾವುದಾದರೂ ಮಗುವಿಗೆ ಕೊಡಿ, ಸೇಫ್ಟಿ ಐಗಳಿಗೂ ಅಲ್ಲಿಯೇ ಸ್ಥಾನ.

ಮಾರುವ ಮಾತು ಬೇರೆಯೇ. ಮನೆಯವರಿಗೆ ಉಡುಗೊರೆ ಕೊಡಲು ಯಾವ ಅನುಮತಿಯೂ ಬೇಡ. ಮಾರುವುದಾದರೆ, ಕೇಂದ್ರ ಸರಕಾರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 2020 ಅನ್ವಯಿಸುತ್ತದೆ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಇದರ ಪ್ರಕಾರ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಬೇಕು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳಿಗೆ ವಿನಾಯಿತಿಯಿದೆ. ಆದ್ದರಿಂದ ನೆರೆಕರೆಯವರಿಂದ ಹಣ ಪಡೆಯುವ ಮೊದಲು ಆ ನೋಂದಣಿಯನ್ನು ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಈ ಒಂದನ್ನು ಮುಗಿಸಿ. ಸೋಣಕ್ಕೆ ಕನಿಷ್ಠ ಎರಡು ವಾರ ಮೊದಲೇ ಹೆಣಿಗೆ ಮುಗಿದರೆ ಒಮ್ಮೆ ಒಗೆದು, ಒಣಗಿಸಿ, ಪ್ರತಿ ಕಾಲನ್ನೂ ಕಿವಿಯನ್ನೂ ಎಳೆದು ನೋಡಿ, ಬೇಕಾದರೆ ಬಿಚ್ಚಿ ಸರಿಪಡಿಸಲು ಸಮಯ ಉಳಿಯುತ್ತದೆ.